ಚಳಿಗೆ ಒಡೆಯುವ ಒಳಚರಂಡಿ ಪೈಪ್: ಲೇಹ್ ಹೋಟೆಲ್‌ಗಳು ಏನು ಮಾಡಬೇಕು?

ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಜನವರಿ ರಾತ್ರಿಯ ಉಷ್ಣಾಂಶ ಮೈನಸ್ 20 ಡಿಗ್ರಿವರೆಗೂ ಇಳಿಯುವುದುಂಟು. ಹೆಪ್ಪುಗಟ್ಟಿದ ನೀರು ಶೇ. 9ರಷ್ಟು ಹಿಗ್ಗುತ್ತದೆ; ಪೈಪ್ ಒಡೆಯಲು ಅಷ್ಟು ಸಾಕು. ಕೊಳಚೆ ಮಣ್ಣಿಗಿಳಿದರೆ ಕೊಳವೆಬಾವಿಗಳ ನೀರಿಗೇ ಕುತ್ತು. ಹಾಗಾಗಿ ಅನೇಕ ಹೋಟೆಲ್‌ಗಳು ಚಳಿಗಾಲದಲ್ಲಿ ಪೈಪ್‌ಗಳನ್ನು ಬರಿದು ಮಾಡಿ ಬಾಗಿಲು ಹಾಕುತ್ತವೆ.

ಆದರೆ ಸಿಂಕ್ ಕೆಳಗಿನ ಬಾಗಿದ ಪೈಪ್‌ನಲ್ಲಿ ನಿಂತ ನೀರೇ ಚರಂಡಿಯ ದುರ್ವಾಸನೆ, ವಿಷಾನಿಲಗಳನ್ನು ತಡೆಯುವುದು. ಅದನ್ನು ಖಾಲಿ ಬಿಡುವಂತಿಲ್ಲ. ನೀರಿನ ಬದಲು ಕೊಳಾಯಿ ಕೆಲಸಕ್ಕೆಂದೇ ಸಿಗುವ ಪ್ರೊಪಿಲೀನ್ ಗ್ಲೈಕಾಲ್ ದ್ರಾವಣ ತುಂಬಬೇಕು. ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡ.

ತೆರೆದಿರುವ ಹೋಟೆಲ್‌ಗಳಿಗೆ ಅಡುಗೆಮನೆಯ ಜಿಡ್ಡೇ ತಲೆನೋವು. ಚಳಿಗೆ ತುಪ್ಪದಂತೆ ಗಟ್ಟಿಯಾಗಿ ಪೈಪ್‌ಗೆ ಮೆತ್ತಿಕೊಳ್ಳುತ್ತದೆ. ಗ್ರೀಸ್ ಟ್ರ್ಯಾಪ್ ಅನ್ನು ಚಳಿಗೆ ಮುನ್ನವೇ ಖಾಲಿ ಮಾಡಿಸಬೇಕು. ತೊಟ್ಟಿಕ್ಕುವ ನಲ್ಲಿಯನ್ನೂ ಕೂಡಲೇ ರಿಪೇರಿ ಮಾಡಿಸಬೇಕು: ಹನಿಹನಿ ನೀರು ಚರಂಡಿ ಪೈಪ್‌ನಲ್ಲಿ ಪದರಪದರವಾಗಿ ಮಂಜುಗಡ್ಡೆಯಾಗಿ ದಾರಿಯನ್ನೇ ಮುಚ್ಚುತ್ತದೆ.