ಹಳೆ ಗೇಮ್, ಹೊಸ ಯಂತ್ರ: ಎಮ್ಯುಲೇಟರ್‌ಗೆ ಅಡ್ಡ ನಿಂತಿರೋದು ಯಾರು?

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ‘ಕ್ಯಾಸೆಟ್ ಗೇಮ್’ ಗೊತ್ತಾ? ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಣ್ಣನನ್ನೋ ಚಿಕ್ಕಪ್ಪನನ್ನೋ ಕೇಳಿ. ಮಾರಿಯೋ, ಕಾಂಟ್ರಾ ಆಡಿಸುತ್ತಿದ್ದ ಆ ಡಬ್ಬಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಡಬ್ಬಗಳು ಗುಜರಿ ಸೇರಿದವು, ಗೇಮ್‌ಗಳು ಮಾತ್ರ ಇವತ್ತಿನ ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಬದುಕಿವೆ. ಅವನ್ನು ಬದುಕಿಸಿದ್ದು ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್. ಇದನ್ನು ಹೊಸ ಯಂತ್ರಗಳಿಗೆ ತರುವುದು ಬರೀ ತಾಂತ್ರಿಕ ಕೆಲಸವಲ್ಲ. ದುಡ್ಡು ಕೊಟ್ಟು ಕೊಂಡ ಯಂತ್ರದ ಮೇಲೆ ಅಧಿಕಾರ ಯಾರದ್ದು ಅನ್ನೋ ಪ್ರಶ್ನೆಯೂ ಅದರೊಳಗಿದೆ.

ಎಮ್ಯುಲೇಟರ್ ಅಂದ್ರೇನು?

ಪ್ರತಿ ಪ್ರೊಸೆಸರ್‌ಗೂ ಅದರದ್ದೇ ಭಾಷೆಯಿದೆ. ಫ್ಯಾಮಿಕಾಮ್‌ಗಾಗಿ ಬರೆದ ಗೇಮ್ ಇವತ್ತಿನ ಲ್ಯಾಪ್‌ಟಾಪ್‌ಗೆ ಅರ್ಥವಾಗಲ್ಲ. ನಡುವೆ ಕೂತು ದುಭಾಷಿ ಕೆಲಸ ಮಾಡೋದೇ ಎಮ್ಯುಲೇಟರ್. ಹಳೆಯ, ಸಣ್ಣ ಯಂತ್ರಗಳಾದರೆ ಒಂದೊಂದೇ ಆದೇಶ ಓದಿ ಅರ್ಥ ಹೇಳುತ್ತಾ ಹೋದರೂ ಸಾಕು. ಗೇಮ್‌ಕ್ಯೂಬ್, ವೀ ಥರದ ದೊಡ್ಡ ಯಂತ್ರಗಳಿಗೆ ಆ ವೇಗ ಸಾಲದು. ಅಲ್ಲಿ ‘ಜಿಟ್’ ಎಂಬ ವಿಧಾನ ಬೇಕು. ಅಂದರೆ ಗೇಮ್ ನಡೆಯುತ್ತಿರುವಾಗಲೇ ಅದರ ಆದೇಶಗಳನ್ನು ಕಂತೆಕಂತೆಯಾಗಿ ಹೊಸ ಪ್ರೊಸೆಸರ್‌ನ ಭಾಷೆಗೆ ಅನುವಾದಿಸಿಟ್ಟುಕೊಂಡು ಮತ್ತೆ ಮತ್ತೆ ಬಳಸುವುದು.

ಹೊಸ ಯಂತ್ರಕ್ಕೆ ತರುವುದು ಹೇಗೆ?

ಸ್ಕ್ರೀನ್, ಸೌಂಡ್, ಬಟನ್‌ಗಳ ಜೊತೆ ಮಾತಾಡುವ ಭಾಗವನ್ನು ಹೊಸ ಯಂತ್ರಕ್ಕೆ ತಕ್ಕಂತೆ ಬರೆಯಬೇಕು. ರೆಟ್ರೋಆರ್ಕ್ ಎಂಬ ಯೋಜನೆ ಇದಕ್ಕೊಂದು ಉಪಾಯ ಮಾಡಿದೆ. ಯಂತ್ರದ ಜೊತೆ ಮಾತಾಡುವ ಭಾಗ ಬೇರೆ, ಎಮ್ಯುಲೇಟರ್‌ಗಳೇ ಬೇರೆ. ಮೊದಲನೆಯದನ್ನು ಒಂದು ಸಲ ಹೊಸ ಯಂತ್ರಕ್ಕೆ ತಂದರೆ ಹಿಂದೆಯೇ ಹತ್ತಾರು ಎಮ್ಯುಲೇಟರ್‌ಗಳನ್ನು ತರಬಹುದು.

ಜಿಟ್ ಮಾತ್ರ ಇಷ್ಟು ಸಲೀಸಲ್ಲ. ಇಂಟೆಲ್ ಭಾಷೆಗೆ ಅನುವಾದಿಸುವ ಜಿಟ್ ಇದ್ದರೆ, ಎಆರ್‌ಎಂ ಪ್ರೊಸೆಸರ್‌ಗಾಗಿ ಅದನ್ನು ಮತ್ತೆ ಬರೆಯಬೇಕು. 2020ರಲ್ಲಿ ಆಪಲ್ ಇಂಟೆಲ್ ಬಿಟ್ಟು ತನ್ನದೇ ಎಂ1 ಪ್ರೊಸೆಸರ್‌ಗೆ ಹೊರಳಿತು. ಗೇಮ್‌ಕ್ಯೂಬ್ ಮತ್ತು ವೀ ಗೇಮ್‌ಗಳ ಎಮ್ಯುಲೇಟರ್ ಡಾಲ್ಫಿನ್, ಆಂಡ್ರಾಯ್ಡ್ ಫೋನ್‌ಗಳಿಗಾಗಿ ಮೊದಲೇ ಎಆರ್‌ಎಂ ಜಿಟ್ ಬರೆದಿಟ್ಟುಕೊಂಡಿತ್ತು. ಹಾಗಾಗಿ 2021ರಲ್ಲೇ ಹೊಸ ಮ್ಯಾಕ್‌ಗಳಲ್ಲಿ ಚೆನ್ನಾಗಿ ಓಡಿತು. ಅಲ್ಲಿ ಕೆಲಸ ಮಾಡಿದವರು ಸ್ವಯಂಸೇವಕರು.

ಹಾಗಾದರೆ ತೊಡಕು ಎಲ್ಲಿ?

ಬಾಗಿಲಲ್ಲಿ. ಐಫೋನ್‌ಗೆ ಸಾಮರ್ಥ್ಯ ಎಂದೋ ಇತ್ತು, ಆದರೆ ಆಪ್ ಸ್ಟೋರ್‌ನಲ್ಲಿ ಇಂಥ ಎಮ್ಯುಲೇಟರ್‌ಗಳಿಗೆ ಜಾಗ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಆಕ್ಟ್ ಆಪಲ್‌ನಂಥ ದೈತ್ಯರ ಮೇಲೆ ಅನ್ವಯವಾಯಿತು. ಏಪ್ರಿಲ್‌ನಲ್ಲಿ ಆಪಲ್ ತನ್ನ ನಿಯಮ ಬದಲಿಸಿತು. ಅದೇ ತಿಂಗಳು ಡೆಲ್ಟಾ ಬಂತು, ಮೇ ತಿಂಗಳಲ್ಲಿ ರೆಟ್ರೋಆರ್ಕ್ ಬಂತು. ಆದರೂ ಜಿಟ್‌ಗೆ ಅನುಮತಿ ಕೊಡಲಿಲ್ಲ. ಡಾಲ್ಫಿನ್ ಆಪ್ ಸ್ಟೋರ್‌ಗೆ ಬರದಿರಲು ಇದೇ ಕಾರಣ.

ಎಕ್ಸ್‌ಬಾಕ್ಸ್ ಕಥೆಯೂ ಹೀಗೇ. ಡೆವಲಪರ್ ಮೋಡ್ ತೆರೆದರೆ ಎಮ್ಯುಲೇಟರ್ ಓಡುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಮೈಕ್ರೋಸಾಫ್ಟ್ 2023ರಲ್ಲಿ ತಡೆ ಹಾಕಿತು. ಅದೇ ವರ್ಷ ನಿಂಟೆಂಡೊ ಆಕ್ಷೇಪದ ನಂತರ ಸ್ಟೀಮ್ ಅಂಗಡಿಗೆ ಬರುವ ಯೋಜನೆಯನ್ನು ಡಾಲ್ಫಿನ್ ಕೈಬಿಟ್ಟಿತು.

ಇದು ಪೈರಸಿ ಅಲ್ವಾ?

ಎಮ್ಯುಲೇಟರ್ ಬೇರೆ, ಗೇಮ್‌ನ ಪ್ರತಿ ಬೇರೆ. ಪ್ಲೇಸ್ಟೇಷನ್ ಎಮ್ಯುಲೇಟರ್ ಮಾರುತ್ತಿದ್ದ ಕನೆಕ್ಟಿಕ್ಸ್ ಮೇಲೆ ಸೋನಿ ಹೂಡಿದ್ದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ನೇ ಇಸವಿಯಲ್ಲಿ ಕನೆಕ್ಟಿಕ್ಸ್ ಪರ ತೀರ್ಪು ಕೊಟ್ಟಿತು. ಇದಕ್ಕಾಗಿ ಯಂತ್ರದ ಒಳಗುಟ್ಟನ್ನು ಅಧ್ಯಯನ ಮಾಡುವುದು ನ್ಯಾಯಯುತ ಬಳಕೆ ಎಂದಿತು. ಆದರೆ ಬೇರೆಯವರ ಗೇಮ್ ಅನ್ನು ಅನುಮತಿಯಿಲ್ಲದೆ ಡೌನ್‌ಲೋಡ್ ಮಾಡಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ. ಗೇಮ್‌ಗೆ ಹಾಕಿದ ಡಿಜಿಟಲ್ ಬೀಗ ಒಡೆಯುವುದು ಇನ್ನೊಂದು ವಿವಾದ. ನಿಂಟೆಂಡೊದ ಸ್ವಿಚ್ ಆಗ ಮಾರುಕಟ್ಟೆಯಲ್ಲಿದ್ದ ಯಂತ್ರ. ಅದರ ಎಮ್ಯುಲೇಟರ್ ಯುಜು ಮೇಲೆ ನಿಂಟೆಂಡೊ 2024ರಲ್ಲಿ ಮೊಕದ್ದಮೆ ಹೂಡಿದ್ದು ಇದೇ ವಾದದ ಮೇಲೆ. ಯುಜು ತಂಡ 24 ಲಕ್ಷ ಡಾಲರ್‌ಗೆ ರಾಜಿಯಾಗಿ ಬಾಗಿಲು ಮುಚ್ಚಿತು.

ನಮ್ಮ ಕೃತಿಸ್ವಾಮ್ಯ ಕಾಯ್ದೆ, 1957 ಏನನ್ನುತ್ತೆ? ಕಾನೂನುಬದ್ಧವಾಗಿ ಪಡೆದ ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತದೆಂದು ಪರೀಕ್ಷಿಸುವುದಕ್ಕೆ, ವೈಯಕ್ತಿಕ ಬಳಕೆಗೆ ಪ್ರತಿ ಮಾಡಿಕೊಳ್ಳುವುದಕ್ಕೆ ಸೆಕ್ಷನ್ 52 ಅವಕಾಶ ಕೊಡುತ್ತದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ 2012ರಲ್ಲಿ ಸೇರಿಸಿದ ಸೆಕ್ಷನ್ 65ಎ ಪ್ರಕಾರ ಎರಡು ವರ್ಷದವರೆಗೆ ಜೈಲು. ಇಲ್ಲಿ ‘ಉದ್ದೇಶ’ ಅನ್ನೋ ಪದ ಮುಖ್ಯ.

ಇದು ಯಾಕೆ ಮುಖ್ಯ?

ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೂ ಮುಂಚೆ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಇವತ್ತು ಮಾರಾಟಕ್ಕೇ ಇಲ್ಲ. ದುಡ್ಡು ಕೊಡ್ತೀನಿ ಅಂದರೂ ಸಿಗಲ್ಲ. ಗ್ರಂಥಾಲಯಗಳು ಇವನ್ನು ದೂರದ ಸಂಶೋಧಕರಿಗೆ ಆನ್‌ಲೈನ್‌ನಲ್ಲಿ ಒದಗಿಸಲು ಕೇಳಿದ ವಿನಾಯಿತಿಯನ್ನು ಅಮೆರಿಕದ ಕಾಪಿರೈಟ್ ಆಫೀಸ್ 2024ರ ಅಕ್ಟೋಬರ್‌ನಲ್ಲಿ ನಿರಾಕರಿಸಿತು. ನಮ್ಮಲ್ಲಿ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಕೃತಿಯನ್ನು ಡಿಜಿಟಲ್ ಮಾಡಿಡಬಹುದು, ಆದರೆ ಅದರ ಬಳಿ ‘ಡಿಜಿಟಲ್ ಅಲ್ಲದ ಪ್ರತಿ’ ಇರಬೇಕು. ಪುಸ್ತಕಕ್ಕೆ ಸರಿ. ಹುಟ್ಟಿದ್ದೇ ಡಿಜಿಟಲ್ ಆಗಿರುವ ಗೇಮ್‌ಗೆ ಅಂಥ ಪ್ರತಿ ಎಲ್ಲಿಂದ ತರೋದು?

ಕಂಪನಿಗಳ ಇಬ್ಬಂದಿತನವನ್ನೂ ನೋಡಿ. ಕನೆಕ್ಟಿಕ್ಸ್‌ನ ಕೋರ್ಟಿಗೆಳೆದ ಅದೇ ಸೋನಿ 2018ರಲ್ಲಿ ಪ್ಲೇಸ್ಟೇಷನ್ ಕ್ಲಾಸಿಕ್ ಎಂಬ ಪುಟ್ಟ ಯಂತ್ರ ಮಾರಿತು. ಅದರೊಳಗೆ ಹಳೆ ಗೇಮ್ ಓಡಿಸುತ್ತಿದ್ದದ್ದು ಪಿಸಿಎಸ್‌ಎಕ್ಸ್ ರೀಆರ್ಮ್ಡ್, ಅಂದರೆ ಹವ್ಯಾಸಿಗಳು ಎಆರ್‌ಎಂ ಯಂತ್ರಗಳಿಗಾಗಿ ಹೊಂದಿಸಿದ ಮುಕ್ತ ಎಮ್ಯುಲೇಟರ್. ಮುಕ್ತ ಲೈಸೆನ್ಸ್ ಇರೋದರಿಂದ ಅದರಲ್ಲಿ ತಪ್ಪೇನಿಲ್ಲ. ಆದರೆ ಹವ್ಯಾಸಿಗಳು ಉಳಿಸಿದ ವಿದ್ಯೆ ಕಂಪನಿಗೆ ಲಾಭ ತರುವಾಗ ತಂತ್ರಜ್ಞಾನ, ಜನರ ಕೈಯಲ್ಲಿದ್ದಾಗ ಅನುಮಾನದ ವಸ್ತು ಅಂದರೆ ಹೇಗೆ?

ಬೇಡಿಕೆಗಳು ದೊಡ್ಡವೇನಲ್ಲ. ಕೊಂಡ ಯಂತ್ರದಲ್ಲಿ ತನಗೆ ಬೇಕಾದ ಸಾಫ್ಟ್‌ವೇರ್ ಓಡಿಸುವ ಹಕ್ಕು ಕೊಂಡವರಿಗಿರಲಿ. ಮಾರಾಟ ನಿಂತ ಗೇಮ್‌ಗಳನ್ನು ಕಾಪಾಡುವ ಅವಕಾಶ ಗ್ರಂಥಾಲಯಗಳಿಗಿರಲಿ. ಆಪಲ್‌ನ ಬಾಗಿಲು ಅಷ್ಟಾದರೂ ತೆರೆದದ್ದು ಯುರೋಪಿನಲ್ಲಿ ಕಾನೂನು ಬಂದ ಬೆನ್ನಿಗೇ. ಡಿಜಿಟಲ್ ಮಾರುಕಟ್ಟೆಯ ನಿಯಮಗಳ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯುವಾಗ ಇದನ್ನೂ ಕೇಳಬೇಕು.