ಬಿಳಿ ನವಿಲು ಬೇರೆ ಜಾತಿಯೇ?

ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆಗೆ ಹೋಗುವವರಿಗೆ ಹೊಲದ ಬದುವಿನಲ್ಲಿ ನವಿಲು ಕಾಣುವುದು ಹೊಸದೇನಲ್ಲ. ಬಿತ್ತಿದ ಕಾಳು ಹೆಕ್ಕುತ್ತವೆಂದು ರೈತರು ಬೈಯುವುದೂ ಉಂಟು. ಈ ನವಿಲುಗಳೆಲ್ಲ ನೀಲಿ ಕೊರಳಿನವು. 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಮೃಗಾಲಯಕ್ಕೆ ಪ್ರವಾಸ ಹೋದ ಮಕ್ಕಳು ಮಾತ್ರ ಹಾಲಿನಂಥ ಬಿಳಿ ನವಿಲನ್ನು ಕಂಡು, ಇದು ಯಾವ ದೇಶದ್ದೆಂದು ಕೇಳುತ್ತಾರೆ. ಅದೂ ನಮ್ಮ ನವಿಲೇ.

ನವಿಲಿನ ಗರಿಯಲ್ಲಿ ನೀಲಿ ಬಣ್ಣವೆಂಬ ವಸ್ತುವೇ ಇಲ್ಲ. ಗರಿಯೊಳಗೆ ಮೆಲನಿನ್ ಎಂಬ ಕಪ್ಪು ದ್ರವ್ಯದ ಅತಿ ಸಣ್ಣ ಕಡ್ಡಿಗಳು ಜಾಲರಿಯಂತೆ ಜೋಡಿಸಿಕೊಂಡಿರುತ್ತವೆ. ಅವುಗಳ ನಡುವಿನ ಅಂತರಕ್ಕೆ ತಕ್ಕಂತೆ ಬೆಳಕು ನೀಲಿಯಾಗಿ, ಹಸಿರಾಗಿ ಹೊಮ್ಮುತ್ತದೆ. ಮೆಲನಿನ್ ಇಲ್ಲದಿದ್ದರೆ ಜಾಲರಿಯೂ ಇಲ್ಲ. ಗರಿ ಬೆಳ್ಳಗೆ ಕಾಣುತ್ತದೆ. ಬಿಳಿ ನವಿಲಿನ ಕಣ್ಣು ಕೆಂಪಾಗಿರುವುದಿಲ್ಲವಾದ್ದರಿಂದ ಅದು ಪೂರ್ಣ ಬಿಳುಪುರೋಗವೂ ಅಲ್ಲ.

ಬಣ್ಣ ಬದಲಾದರೆ ಜಾತಿಯೇ ಬೇರೆಯೆಂದು ಪಂಡಿತರೂ ಎಡವಿದ್ದುಂಟು. ಸಾಧಾರಣ ಗಂಡು ನವಿಲಿನ ರೆಕ್ಕೆಯ ಮೇಲ್ಭಾಗದಲ್ಲಿ ಪಟ್ಟೆಗಳಿರುತ್ತವೆ. ಅದು ಕಪ್ಪಾಗಿದ್ದ ನವಿಲನ್ನು ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಸ್ಕ್ಲೇಟರ್ 1860ರಲ್ಲಿ ಪ್ರತ್ಯೇಕ ಜಾತಿಯೆಂದು ಹೆಸರಿಸಿದರು. ಚಾರ್ಲ್ಸ್ ಡಾರ್ವಿನ್ ಇದನ್ನು ಒಪ್ಪಲಿಲ್ಲ. ಟ್ರೆವೆಲ್ಯಾನ್ ಎಂಬ ಶ್ರೀಮಂತರ ಹಿಂಡಿನಲ್ಲಿ ಸಾಧಾರಣ ನವಿಲುಗಳಷ್ಟೇ ಇದ್ದರೂ ಕಪ್ಪು ಹೆಗಲಿನ ಮರಿಗಳು ಹುಟ್ಟಿದ್ದವು. ಇದು ಸಾಕಿದ ಹಿಂಡಿನಲ್ಲಿ ತಾನಾಗಿ ಮೂಡಿದ ಭೇದವೆಂದು 1868ರ ತಮ್ಮ ಗ್ರಂಥದಲ್ಲಿ ಡಾರ್ವಿನ್ ವಾದಿಸಿದರು. ವಾದ ಸರಿಯಾಗಿತ್ತು, ಕಾರಣ ಅವರಿಗೆ ತಿಳಿದಿರಲಿಲ್ಲ.

ಆ ಕಾರಣಕ್ಕೆ ಬೇಕಾದ ಸೂತ್ರವನ್ನು ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ್ದ ಪಾದ್ರಿ ಮೆಂಡೆಲ್ 1866ರಲ್ಲೇ ಪ್ರಕಟಿಸಿದ್ದರು. ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಕಪ್ಪು ಹೆಗಲು ಅಡಗಿರಬಲ್ಲ ಗುಣ. ತಾಯಿ, ತಂದೆ ಇಬ್ಬರಲ್ಲೂ ಅಡಗಿದ್ದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದರಲ್ಲಿ ಹೊರಬೀಳುತ್ತದೆ. ಬಿಳಿ ನವಿಲನ್ನು ನೀಲಿಯೊಂದಿಗೆ ಕೂಡಿಸಿದರೆ ಮರಿಗಳು ಬಹುಮಟ್ಟಿಗೆ ನೀಲಿಯೇ. ಅಲ್ಲೊಂದು ಇಲ್ಲೊಂದು ಬಿಳಿ ಗರಿ ಗುಟ್ಟು ಬಿಟ್ಟುಕೊಡುತ್ತದೆ. ಕಂದು ಛಾಯೆಯ 'ಕ್ಯಾಮಿಯೊ' ಬಣ್ಣದ್ದು ಇನ್ನೊಂದು ಬಗೆ: ಕ್ಯಾಮಿಯೊ ಗಂಡನ್ನು ನೀಲಿ ಹೆಣ್ಣಿನೊಂದಿಗೆ ಕೂಡಿಸಿದರೆ ಹೆಣ್ಣುಮರಿಗಳೆಲ್ಲ ತಂದೆಯ ಬಣ್ಣ ಪಡೆಯುತ್ತವೆ, ಗಂಡುಮರಿಗಳು ನೀಲಿಯಾಗಿಯೇ ಉಳಿದು ಗುಣವನ್ನು ಒಳಗೆ ಹೊತ್ತಿರುತ್ತವೆ.

ಸಣ್ಣ ಹಿಂಡಿನಲ್ಲಿ ರಕ್ತಸಂಬಂಧಿಗಳೇ ಕೂಡುವುದರಿಂದ ಅಡಗಿದ ಗುಣಗಳು ಬೇಗ ಹೊರಬರುತ್ತವೆ. ಬಯಲಿನಲ್ಲಿ ಅಂಥ ಜೋಡಿ ಸೇರುವುದು ಅಪರೂಪ. ಹುಟ್ಟಿದ ಬಿಳಿ ಮರಿಯೂ ನಾಯಿ, ನರಿಗಳ ಕಣ್ಣಿಗೆ ಸುಲಭವಾಗಿ ಬೀಳುತ್ತದೆ.

ಇಷ್ಟು ತಿಳಿದಿರಬೇಕಾದುದು ಕುತೂಹಲಕ್ಕಷ್ಟೇ ಅಲ್ಲ. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ; 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಲ್ಲುವುದು, ಹಿಡಿಯುವುದು ಜೈಲಿಗೆ ದಾರಿ. ಬಿಳಿಯದು ವಿದೇಶಿ ಹಕ್ಕಿಯೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಗರಿ ಬೆಳ್ಳಗಿದ್ದ ಮಾತ್ರಕ್ಕೆ ಕುಲ ಬೇರೆಯಾಗದು. ತಿಕೋಟಾದ ಹೊಲದಲ್ಲಿ ಕೂಗುವ ನವಿಲಿಗೂ ಪಂಜರದ ಬಿಳಿ ನವಿಲಿಗೂ ಕುಲ ಒಂದೇ.