ಐರ್ಲೆಂಡಿನ ಇನಿದ್ ಹಬ್ಬ

ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ನಲವತ್ತು ದಿನಗಳ ಉಪವಾಸವ್ರತಕ್ಕೆ ತಪಸ್ಸುಕಾಲವೆಂದು ಹೆಸರು. ಅದು ಬೂದಿ ಬುಧವಾರದಂದು ಮೊದಲಾಗುವುದು. ಅದಕ್ಕೆ ಹಿಂದಿನ ಹಬ್ಬದ ವೇಳೆಯನ್ನು ಐರಿಷ್ ಭಾಷೆಯಲ್ಲಿ 'ಇನಿದ್' ಎನ್ನುವರು. ಆರಂಭವೆಂಬರ್ಥದ ಲ್ಯಾಟಿನ್ ಶಬ್ದದ ತದ್ಭವವಿದು. ಆದರೆ ಹಳ್ಳಿಗರ ಪಾಲಿಗೆ ಅದರ ಮಂಗಳವಾರವು ಮದುವೆಯ ಕಾಲದ ಕೊನೆಯಾಗಿತ್ತು. ತಪಸ್ಸುಕಾಲದಲ್ಲಿ ವಿಧ್ಯುಕ್ತ ವಿವಾಹಗಳು ನಡೆಯಕೂಡದೆಂದು 1563ರಲ್ಲಿ ಟ್ರೆಂಟ್ ಧರ್ಮಸಭೆಯು ನಿಯಮಿಸಿತ್ತಷ್ಟೆ. ಆದುದರಿಂದ ಜನವರಿ ಬಂತೆಂದರೆ ಮಧ್ಯಸ್ಥರು ಮನೆಮನೆಗೆ ತಿರುಗಿ ಹೆಣ್ಣಿನ ವರದಕ್ಷಿಣೆ, ಗಂಡಿನ ಹೊಲ, ದನಕರುಗಳ ಲೆಕ್ಕ ಹಾಕುತ್ತಿದ್ದರು.

ವ್ರತದಲ್ಲಿ ಹಾಲು, ಬೆಣ್ಣೆ, ಮೊಟ್ಟೆಗಳೂ ನಿಷಿದ್ಧವಾಗಿದ್ದುದರಿಂದ ಮಂಗಳವಾರ ರಾತ್ರಿ ಅವೆಲ್ಲವನ್ನೂ ಹಿಟ್ಟಿಗೆ ಕಲಸಿ ದೋಸೆ ಹುಯ್ಯುವರು. ಮೊದಲ ದೋಸೆಯನ್ನು ಮೇಲಕ್ಕೆ ಚಿಮ್ಮಿಸಿ ಮಗುಚುವ ಹಕ್ಕು ಮನೆಯ ಹಿರಿಯ ಕನ್ಯೆಗೆ. ಅದು ಸರಿಯಾಗಿ ಬಿದ್ದರೆ ವರ್ಷದೊಳಗೆ ಕಂಕಣಬಲವೆಂದು ನಂಬಿಕೆ.

ಆ ರಾತ್ರಿ ಕಳೆದ ಮೇಲೆ ಅವಿವಾಹಿತರ ಪಾಡು ಬೇರೆ. ವ್ರತದ ಮೊದಲ ಭಾನುವಾರ ಪೂಜೆಗೆ ಹೋಗುವಾಗ ಹುಡುಗರು ಅವರ ಬೆನ್ನಿನ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆಯುವರು. ಕೆಲವು ಕಡೆ, ಮರುವರ್ಷದವರೆಗೆ ಕೆಡದಿರಲೆಂದು, ಸೋಮವಾರ ಅವರ ಮೇಲೆ ಉಪ್ಪೆರಚುವರು. ವಾಟರ್‌ಫರ್ಡಿನಲ್ಲಿ ಅವರಿಂದ ಮರದ ದಿಮ್ಮಿಯನ್ನು ಎಳೆಸಿದ್ದೂ ಉಂಟು.

ಎಲ್ಲಕ್ಕಿಂತ ವಿಚಿತ್ರವಾದುದು ಸ್ಕೆಲಿಗ್ ಯಾತ್ರೆ. ಕೆರ್ರಿ ಸೀಮೆಯ ಕರಾವಳಿಯಾಚೆ ಸಮುದ್ರದಲ್ಲಿ ಕಡಿದಾಗಿ ನಿಂತಿರುವ ಬಂಡೆಯ ದ್ವೀಪವದು. ಅದರ ಮೇಲೆ ಪ್ರಾಚೀನ ಸನ್ಯಾಸಿಗಳ ಕಲ್ಲಿನ ಗುಡಿಸಲುಗಳಿವೆ. ಅಲ್ಲಿ ಹಳೆಯ ಪಂಚಾಂಗವೇ ನಡೆಯುವುದಾಗಿ, ತಪಸ್ಸುಕಾಲವು ತಡವಾಗಿ ಬರುವುದಾಗಿ, ಆದುದರಿಂದ ಅಲ್ಲಿ ಇನ್ನೂ ಮದುವೆಯಾಗಬಹುದೆಂದು ಜನರ ಮಾತು. ಸನ್ಯಾಸಿಗಳು ಹದಿಮೂರನೆಯ ಶತಮಾನದ ಹೊತ್ತಿಗೇ ದಡಕ್ಕೆ ಬಂದು ನೆಲೆಸಿದ್ದರೆಂಬುದನ್ನು ಯಾರೂ ಗಣಿಸಲಿಲ್ಲ! ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಕ್ ಮತ್ತು ಕೆರ್ರಿ ಸೀಮೆಗಳ ಅನಾಮಧೇಯ ಕವಿಗಳು ಊರಿನ ಬ್ರಹ್ಮಚಾರಿಗಳನ್ನೂ ಕನ್ಯೆಯರನ್ನೂ ಬೇಕೆಂದೇ ಹೊಂದದ ಜೋಡಿಗಳಾಗಿ ಕೂಡಿಸಿ, ಸ್ಕೆಲಿಗ್ಗಿಗೆ ಹೊರಟ ದಿಬ್ಬಣವೆಂದು ಪದ್ಯ ಕಟ್ಟಿ ಹರಡುತ್ತಿದ್ದರು.

ಈ ಹಾಸ್ಯಕ್ಕೆ ಗುರಿಯಾದವರ ತಪ್ಪೇನು? 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಆಮೇಲೆ ಹೊಲವನ್ನು ಮಕ್ಕಳಿಗೆಲ್ಲ ಹಂಚುವ ರೂಢಿ ನಿಂತು, ಒಬ್ಬ ಮಗನಿಗೇ ಬಿಡುವ ರೂಢಿ ಬಲವಾಯಿತು. ಒಬ್ಬ ಮಗಳಿಗೆ ವರದಕ್ಷಿಣೆ ಕೂಡಿದರೆ ಹೆಚ್ಚು. ಉಳಿದವರು ಅಮೆರಿಕಕ್ಕೆ ಹಡಗು ಹತ್ತಬೇಕು, ಇಲ್ಲವೆ ಅಣ್ಣನ ಮನೆಯಲ್ಲಿ ದುಡಿದುಕೊಂಡು ಮುದುಕರಾಗಬೇಕು. ಸ್ವತಂತ್ರ ಐರ್ಲೆಂಡಿನ 1926ರ ಜನಗಣತಿಯಲ್ಲಿ 25ರಿಂದ 30 ವಯಸ್ಸಿನ ಗಂಡಸರ ಪೈಕಿ ನೂರಕ್ಕೆ 80 ಮಂದಿ ಅವಿವಾಹಿತರು. ಸುಣ್ಣದ ಗೆರೆ ಬಿದ್ದದ್ದು ಬಹುಮಟ್ಟಿಗೆ ಭೂಮಿಯಿಲ್ಲದವರ ಬೆನ್ನಿನ ಮೇಲೆ.

1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗದ ಪ್ರೇರಣೆಯಿಂದ ಶಾಲೆಯ ಮಕ್ಕಳು ಹಿರಿಯರ ಬಾಯಿಂದ ಇಂಥ ಸಂಗತಿಗಳನ್ನು ಕೇಳಿ ಬರೆದಿಟ್ಟರು. ಆ ಹೊತ್ತಿಗೆ ಹಲವು ಊರುಗಳಲ್ಲಿ ದಿಮ್ಮಿಯೂ ಉಪ್ಪೂ ಕಥೆಯಾಗಿದ್ದವು. ದೋಸೆ ಮಾತ್ರ ಇಂದಿಗೂ ಉಳಿದಿದೆ.